ಗೆಳೆಯನಿಗೊಂದು ಪತ್ರ: ಒದ್ದೆ ಊರಿನ ಕೊಳಲು

ಏನೋ ಮಾರಾಯ,

ನಿನ್ನ ವಾಯ್ಸ್ ಮೆಸೇಜ್ ಬಂದು ಮೂರು ವಾರ ಆಯ್ತು, ಇನ್ನೂ ಉತ್ತರ ಇಲ್ಲ ಅಂತ ಬೈಕೊಂಡಿರ್ತೀಯ. ಬೈಕೋ. ನೀನು ಕೇಳಿದ್ದು ಸಣ್ಣ ಪ್ರಶ್ನೆ, "ಅಲ್ಲಿಯವ್ರದ್ದೂ ಒಂದು ಮರದ ಕೊಳಲು ಇದೆಯಂತಲ್ಲ, ನಮ್ಮದರ ಥರಾನೇ ಅಡ್ಡ ಹಿಡಿದು ಊದೋದು, ಹ್ಯಾಗಿರುತ್ತೆ ಸ್ವಲ್ಪ ನೋಡಿ ಹೇಳು" ಅಂತ. ಯೂಟ್ಯೂಬ್ ಲಿಂಕ್ ಒಂದು ಕಳ್ಸಿ ಕೈ ತೊಳ್ಕೋಬಹುದಿತ್ತು. ಆದ್ರೆ ಎಂಟು ವರ್ಷದಿಂದ ಈ ಐರ್ಲೆಂಡ್ ದೇಶದಲ್ಲಿದೀನಿ, ಡಬ್ಲಿನ್ ಬಿಟ್ರೆ ಏರ್‌ಪೋರ್ಟು, ಏರ್‌ಪೋರ್ಟ್ ಬಿಟ್ರೆ ಡಬ್ಲಿನ್ನು. ನೀನು ಕೇಳಿದ ಮೇಲೆ ನಿಜವಾಗ್ಲೂ ನಾಚಿಕೆ ಆಯ್ತು. ಆಫೀಸಲ್ಲಿ ಪಕ್ಕದ ಸೀಟಿನವ್ನನ್ನ ಕೇಳ್ದೆ, ಫ್ಲೂಟ್ ಕೇಳ್ಬೇಕು ಅಂದ್ರೆ ಎಲ್ಲಿಗೆ ಹೋಗ್ಬೇಕು ಅಂತ. ಅವ್ನು ತಲೆ ಎತ್ತದೇನೆ "ಲೀಟ್ರಿಮ್, ಛತ್ರಿ ಮರೀಬೇಡ" ಅಂದ, ಅಲ್ಲಿದ್ದವ್ರೆಲ್ಲ ನಕ್ಕರು.

ಲೀಟ್ರಿಮ್ ಅಂದ್ರೆ ಇಲ್ಲಿಯವ್ರಿಗೆ ನಗು. ನಮ್ಮ ಕಡೆ ಜಿಲ್ಲೆ ಇದ್ದ ಹಾಗೆ ಇಲ್ಲಿ ಕೌಂಟಿ, ಅಂಥ ಕೌಂಟಿಗಳಲ್ಲೆಲ್ಲ ಅತಿ ಕಡಿಮೆ ಜನ ಇರೋದು ಇದರಲ್ಲಿ. ಸಮುದ್ರ ಇದೆ, ಆದ್ರೆ ಕರಾವಳಿ ಅಂತ ಇರೋದು ನಾಲ್ಕೈದು ಕಿಲೋಮೀಟರು, ಇಡೀ ದೇಶದಲ್ಲಿ ಕರಾವಳಿ ಇರೋ ಕೌಂಟಿಗಳ ಪೈಕಿ ಅತಿ ಸಣ್ಣದು. ನಡೂಮಧ್ಯ ಲಾಖ್ ಆಲನ್ ಅನ್ನೋ ದೊಡ್ಡ ಕೆರೆ ಕೂತು ಊರನ್ನ ಎರಡು ಹೋಳು ಮಾಡಿದೆ. ಮಣ್ಣು ಅಂದ್ರೆ ಜೇಡಿ, ನೀರು ಇಂಗೋದೇ ಇಲ್ಲ, ಎಲ್ಲಿ ನೋಡಿದ್ರೂ ಜೊಂಡು. ಬೇರೆ ಕಡೆ ಜಮೀನನ್ನ ಎಕರೆ ಲೆಕ್ಕದಲ್ಲಿ ಮಾರ್ತಾರೆ, ಲೀಟ್ರಿಮ್‌ನಲ್ಲಿ ಗ್ಯಾಲನ್ ಲೆಕ್ಕದಲ್ಲಿ ಅಂತ ಒಂದು ಹಳೇ ಮಾತಿದೆ. ನಂಗೆ ಅದು ಕೇಳಿ ನಗು ಬರ್ಲಿಲ್ಲ ಮಾರಾಯ, ಜುಲೈನಲ್ಲಿ ನಿಮ್ಮ ತೋಟಕ್ಕೆ ಇಳಿದವ್ರಿಗೆ ಅದರಲ್ಲಿ ಜೋಕ್ ಎಲ್ಲಿಂದ ಕಾಣ್ಬೇಕು.

ಸರಿ, ಜುಲೈನಲ್ಲೇ ಹೋದೆ. ಡ್ರಮ್‌ಶಾನ್‌ಬೋ ಅಂತ ಒಂದು ಪುಟ್ಟ ಪೇಟೆ ಇದೆ ಅಲ್ಲಿ, ಅಲ್ಲಿ ಜುಲೈನಲ್ಲಿ ಒಂದು ವಾರ ಸಂಗೀತದ ಶಾಲೆ ನಡೆಯುತ್ತೆ, ಜೋ ಮೂನಿ ಸಮ್ಮರ್ ಸ್ಕೂಲ್ ಅಂತ, 1989ರಿಂದ ನಡೀತಾ ಬಂದಿದೆ. ಬೆಳಿಗ್ಗೆ ಪಾಠ, ರಾತ್ರಿ ಪಬ್ಬುಗಳಲ್ಲಿ ಸೆಷನ್ನು, ಅಂದ್ರೆ ದುಂಡಗೆ ಕೂತು ಒಟ್ಟಿಗೆ ಬಾರಿಸೋದು. ಡಬ್ಲಿನ್ನಿನ ಕನೋಲಿ ಸ್ಟೇಷನ್ನಲ್ಲಿ ಸ್ಲೈಗೋ ರೈಲು ಹತ್ತಿ ಕ್ಯಾರಿಕ್-ಆನ್-ಶ್ಯಾನನ್‌ನಲ್ಲಿ ಇಳ್ದೆ, ಎರಡು ಗಂಟೆ ಚಿಲ್ಲರೆ ದಾರಿ. ಇಳಿದ ಕೂಡ್ಲೇ ಮಳೆ. ಜೋರು ಮಳೆ ಅಲ್ಲ, ನಮ್ಮ ಆರಿದ್ರಾ ಮಳೆ ಥರ ಧೋ ಅಂತ ಬಂದು ಹೋಗೋದಲ್ಲ, ಸುಮ್ನೆ ಗಾಳಿಯಲ್ಲಿ ನೇತಾಡ್ತಾ ಇರೋ ಜಿಟಿ ಜಿಟಿ. ಅದು ನಿಲ್ಲೋದೂ ಇಲ್ಲ ಬರೋದೂ ಇಲ್ಲ.

ಮೊದ್ಲು ನಿನ್ನ ಪ್ರಶ್ನೆಗೆ ಉತ್ತರ ಕೊಟ್ಬಿಡ್ತೀನಿ, ಆಮೇಲೆ ನನ್ನ ಪುರಾಣ. ಕರೀ ಮರದ ಕೊಳವೆ, ಮೂರು ನಾಲ್ಕು ತುಂಡು ಜೋಡಿಸೋದು, ಅಡ್ಡ ಹಿಡಿಯೋದು, ಬೆರಳಿಗೆ ಆರು ತೂತು. ನಿನ್ನ ಬಾನ್ಸುರಿಯಲ್ಲಿ ಆರೂ ಮುಚ್ಚಿದ್ರೆ ಪಂಚಮ ಬರುತ್ತಲ್ಲ, ಇವ್ರದ್ದರಲ್ಲಿ ಆರೂ ಮುಚ್ಚಿದ್ರೆ ಅದೇ ಷಡ್ಜ ಅಂತ ಇಟ್ಕೋ. ಮೀಂಡು ಗೀಂಡು ಇಲ್ಲ, ಜಾರೋದು ಬಹಳ ಕಮ್ಮಿ. ಬದಲಿಗೆ ಬೆರಳು ಪಟ್ ಅಂತ ಎತ್ತಿ ಪಟ್ ಅಂತ ಇಡೋದು, ಸ್ಫುರಿತದ ಹತ್ತಿರದ್ದು ಅನ್ನು, ಆದ್ರೆ ಎಷ್ಟು ವೇಗ ಅಂದ್ರೆ ಸ್ವರ ಅಂತ ಕೇಳಲ್ಲ, ಒಂದು ಸಣ್ಣ ಗೀರು ಬಿದ್ದ ಹಾಗೆ ಕೇಳುತ್ತೆ. ತಬಲಾ ಇಲ್ಲ, ಶ್ರುತಿ ಪೆಟ್ಟಿಗೆ ಇಲ್ಲ, ತಾಳ ಅಂದ್ರೆ ಕಾಲು ನೆಲಕ್ಕೆ ಕುಟ್ಟೋದು. ಎಲ್ಲಾ ಕುಣಿತದ ಮಟ್ಟುಗಳೇ, ರೀಲು, ಜಿಗ್ಗು, ಪೋಲ್ಕ ಅಂತ, ಎಂಟು ಎಂಟು ಸುತ್ತಿನ ಎರಡು ಭಾಗ, ಅದನ್ನೇ ಎರಡು ಮೂರು ಸಲ ಊದಿ ನಿಲ್ಲಿಸ್ದೇ ಇನ್ನೊಂದಕ್ಕೆ ಹಾರೋದು.

ಈ ಕೊಳಲು ಇವ್ರ ಕೈಗೆ ಬಂದಿದ್ದೂ ಮಜಾ ಇದೆ. ಇದು ಮೂಲದಲ್ಲಿ ಊರಿನವರದ್ದಲ್ಲ, ಯುರೋಪಿನ ದೊಡ್ಡ ಆರ್ಕೆಸ್ಟ್ರಾದವರದ್ದು. 19ನೇ ಶತಮಾನದಲ್ಲಿ ಬೋಮ್ ಅನ್ನೋ ಜರ್ಮನಿಯವನು ಕೀಲಿಗಳಿರೋ ಹೊಸ ಥರದ ಫ್ಲೂಟ್ ಮಾಡ್ದ, ಸಾಹೇಬರೆಲ್ಲ ಅದಕ್ಕೆ ಹೋದ್ರು, ಹಳೇ ಮರದವು ಸೆಕೆಂಡ್ ಹ್ಯಾಂಡ್ ಅಂಗಡಿಗೆ ಬಂದು ಕಾಸಿಗೊಂದು ಕೊಸರಿಗೊಂದು ಆದ್ವು. ಅವನ್ನ ಇವ್ರು ತಂದು ಗದ್ದೆ ಮನೆಯಲ್ಲಿ ಊದಕ್ಕೆ ಹಿಡಿದ್ರು. ಲೀಟ್ರಿಮ್, ಸ್ಲೈಗೋ, ರೋಸ್‌ಕಾಮನ್ ಈ ಮೂರು ಕೌಂಟಿ ಕೂಡೋ ಮೂಲೆಯಲ್ಲಿ ಇದರ ಹುಚ್ಚು ಜಾಸ್ತಿ.

ಈಗ ಪುರಾಣ. ರೈಲಲ್ಲಿ ಕೂತು ಫೋನಲ್ಲಿ ಓದ್ತಾ ಹೋದೆ, ಒಂದು ಲೆಕ್ಕ ನೋಡಿ ಕಣ್ಣು ಅಲ್ಲೇ ನಿಲ್ತು. 1841ರ ಜನಗಣತಿಯಲ್ಲಿ ಲೀಟ್ರಿಮ್‌ನಲ್ಲಿ 1,55,000ಕ್ಕೂ ಮೇಲೆ ಜನ. ನಾಲ್ಕು ವರ್ಷಕ್ಕೆ ಆಲೂಗಡ್ಡೆಗೆ ರೋಗ ಬಂತು, ಬರ, ಸಾವು, ಹಡಗು. ಆಮೇಲೆ ಬರ ಮುಗಿದ ಮೇಲೂ ಹಡಗು ನಿಲ್ಲಲಿಲ್ಲ, ನೂರೈವತ್ತು ವರ್ಷ ಜನ ಹೋಗ್ತಾನೇ ಇದ್ರು. 1996ರಲ್ಲಿ ಎಣಿಸಿದಾಗ ಉಳಿದಿದ್ದು 25,057. ಆರರಲ್ಲಿ ಒಂದು ಪಾಲು ಕಣೋ. 2022ರಲ್ಲಿ 35,199 ಆಗಿದೆ, ಅದನ್ನೇ ಇಲ್ಲಿಯವ್ರು ಖುಷಿಯಿಂದ ಹೇಳ್ಕೋತಾರೆ. ನಂಗೆ ನಮ್ಮ ಕೇರಿ ನೆನಪಾಯ್ತು, ಹದಿನಾಲ್ಕು ಮನೆ, ಅದರಲ್ಲಿ ಅರವತ್ತು ದಾಟದವ್ರು ಇರೋ ಮನೆ ಎಷ್ಟು ಅಂತ ಬೆರಳಲ್ಲಿ ಎಣಿಸ್ದೆ, ನಿನ್ನ ಮನೆ ಸೇರ್ಸಿ ಮೂರು. ಎಣಿಸಿದವನು ಯಾರು, ಮೊದ್ಲು ಬಿಟ್ಟು ಹೋದವನೇ. ಬಿಡು.

ಇಷ್ಟು ಜನ ಖಾಲಿ ಆದ ಊರಲ್ಲಿ ಸಂಗೀತ ಹ್ಯಾಗೆ ಉಳೀತು ಅಂತ ಕೇಳು. ಉಳಿದಿದ್ದರಲ್ಲಿ ಅರ್ಧ ನ್ಯೂಯಾರ್ಕಲ್ಲಿ ಉಳೀತು.

ಎಲೆನ್ ಓ'ಬರ್ನ್ ಅಂತ ಒಬ್ಬ ಹೆಂಗಸು, ಲೀಟ್ರಿಮ್‌ನವಳು, ಹುಡುಗಿ ಆಗಿದ್ದಾಗ್ಲೇ ಅಮೆರಿಕಾಕ್ಕೆ ಹೋಗಿ ಅಲ್ಲಿ ಡಿವಿಟ್ ಅನ್ನೋ ಡಚ್ ಮೂಲದವನನ್ನ ಮದ್ವೆ ಆಗಿ ನ್ಯೂಯಾರ್ಕಿನ ಥರ್ಡ್ ಅವೆನ್ಯೂನಲ್ಲಿ ಅಂಗಡಿ ಇಟ್ಟಳು. ಗ್ರಾಮಫೋನ್ ಪ್ಲೇಟು, ವಾದ್ಯ, ಜೊತೆಗೆ ಹಡಗಿನ ಟಿಕೆಟ್ಟು. ಐರ್ಲೆಂಡಿನವರು ಅಂಗಡಿಗೆ ಬಂದು ನಮ್ಮೂರ ಕುಣಿತದ ಸಂಗೀತದ ಪ್ಲೇಟ್ ಇದೆಯಾ ಅಂತ ಕೇಳೋದು, ಇವಳು ಇಲ್ಲ ಅನ್ನೋದು. ಎಷ್ಟು ದಿನ ಇಲ್ಲ ಅಂತಾಳೆ? 1916ರಲ್ಲಿ ಕೊಲಂಬಿಯಾ ಕಂಪನಿ ಹತ್ರ ಹೋಗಿ ನಮ್ಮವರದ್ದೂ ರೆಕಾರ್ಡ್ ಮಾಡಿ ಅಂದ್ಳು. ಮಾಡ್ತೀವಿ, ಆದ್ರೆ 500 ಪ್ಲೇಟ್ ನೀನೇ ಕೊಂಡ್ಕೋಬೇಕು ಅಂದ್ರು. ಆಯ್ತು ಅಂದ್ಳು ಮಹಾತಾಯಿ. ಮಗನನ್ನ ಐರಿಶ್ ಜನ ಭಾನುವಾರ ಸೇರೋ ಸೆಲ್ಟಿಕ್ ಪಾರ್ಕ್‌ಗೆ ಅಟ್ಟಿ ಬಾರ್ಸೋರನ್ನ ಹುಡುಕ್ಸಿದ್ಳು, ಎಡ್ಡಿ ಹರ್ಬೋರ್ನ್ ಅಂತ ಅಕಾರ್ಡಿಯನ್ನಿನವನು, ಜೇಮ್ಸ್ ವೀಲರ್ ಅಂತ ಬ್ಯಾಂಜೋದವನು ಸಿಕ್ಕಿದ್ರು, ರೆಕಾರ್ಡ್ ಆಯ್ತು, ಐನೂರೂ ಖರ್ಚಾಯ್ತು. ಅಲ್ಲಿಂದ ಶುರು ನೋಡು. ಮುಂದಿನ ಇಪ್ಪತ್ತು ವರ್ಷ ಅಮೆರಿಕಾದ ಕಂಪನಿಗಳು ಸಾಲಾಗಿ ಐರಿಶ್ ಪ್ಲೇಟ್ ಹೊಡ್ದು ಮಾರಿದ್ವು. ಅವಳು ಸ್ವತಃ ಬಾರ್ಸಿದ್ದಳೋ ಇಲ್ಲವೋ ನಂಗೆ ಮುಖ್ಯ ಅಲ್ಲ, ನನ್ನ ಪಟ್ಟಿಯಲ್ಲಿ ಲೀಟ್ರಿಮ್‌ನ ಮೊದಲ ಸಂಗೀತಗಾರ್ತಿ ಅವಳೇ. ಅಂಗಡಿ ಗಲ್ಲಾ ಮೇಲೆ ಕೂತವರಿಗೆ ಕಿವಿ ಇರೋದು ಸಣ್ಣ ವಿಷಯ ಅಲ್ಲ.

ಆ ಪ್ಲೇಟುಗಳ ಸಾಲಲ್ಲಿ ಬಂದವನೇ ಜಾನ್ ಮೆಕೆನಾ, ನೀನು ಕೇಳ್ಬೇಕಾದ ಮನುಷ್ಯ. ಹುಟ್ಟಿದ್ದು 1880ರಲ್ಲಿ, ಲಾಖ್ ಆಲನ್ ಕೆರೆಯ ಪಶ್ಚಿಮಕ್ಕೆ ಟಾರ್ಮನ್ ಕಡೆ ಗುಡ್ಡದಲ್ಲಿ ಟೆಂಟ್ಸ್ ಅನ್ನೋ ಹಳ್ಳಿ. ಎಲ್ಲರ ಥರ ಹಡಗು ಹತ್ತಿ ನ್ಯೂಯಾರ್ಕ್‌ಗೆ ಹೋದ, ಅಲ್ಲಿ ಬೆಂಕಿ ಆರಿಸೋ ಕೆಲಸ. ಹಗಲು ರಾತ್ರಿ ಹೊಗೆ ಕುಡಿಯೋ ಕೆಲಸ ಮಾಡ್ಕೊಂಡು ಕೊಳಲು ಊದ್ತಿದ್ದ ಅಂತ ಯೋಚ್ನೆ ಮಾಡು. ಹೆಂಡತಿ ತೀರಿಹೋದ್ಳು, ಮಕ್ಕಳನ್ನ ನೋಡ್ಕೊಳ್ಳಕ್ಕೆ ಅಂತ ಆ ಕೆಲಸ ಬಿಟ್ಟ. 1921ರಿಂದ 1937ರವರೆಗೆ ಹತ್ತಾರು ಪ್ಲೇಟು ಮಾಡ್ದ, ಒಬ್ಬನೇ ಊದಿದ್ದೂ ಇದೆ, ಸ್ಲೈಗೋದ ಪಿಟೀಲಿನ ಜೇಮ್ಸ್ ಮಾರಿಸನ್ ಜೊತೆ ಮಾಡಿದ್ದೂ ಇದೆ. ಒಂದು ಬದಿಗೆ ಮೂರು ನಿಮಿಷ ಅಷ್ಟೇ ಜಾಗ. ಆಲಾಪಕ್ಕೇ ಮುಕ್ಕಾಲು ಗಂಟೆ ಬೇಕು ಅನ್ನೋ ನಿನ್ನಂಥವ್ರಿಗೆ ಇದು ಅರ್ಥ ಆಗಲ್ಲ.

ನಾನು ರೈಲಲ್ಲಿ ಇಯರ್‌ಫೋನ್ ಹಾಕ್ಕೊಂಡು ಅವನದ್ದು ಕೇಳ್ದೆ. ಮೊದ್ಲು ಕೇಳೋದು ಪ್ಲೇಟಿನ ಚರಚರ, ಎಣ್ಣೆಯಲ್ಲಿ ಸಂಡಿಗೆ ಬಿಟ್ಟ ಹಾಗೆ. ಅದರ ಹಿಂದೆ ಒಂದು ಪಿಯಾನೋ, ಯಾರೋ ಬೇರೆ ಮನೆಯಲ್ಲಿ ಕೂತು ಬಾರಿಸ್ತಿರೋ ಹಾಗೆ ಸಂಬಂಧವೇ ಇಲ್ಲ. ಇವೆರಡನ್ನೂ ದಾಟ್ಕೊಂಡು ಕೊಳಲು ಬರುತ್ತೆ. ನಾವು ಉಸಿರನ್ನ ಮುಚ್ಚಿಡ್ತೀವಲ್ಲ, ಎಲ್ಲಿ ಉಸಿರು ತಗೊಂಡೆ ಅಂತ ಕೇಳೋರಿಗೆ ಗೊತ್ತಾಗ್ಬಾರ್ದು ಅಂತ ನಿಂಗೆ ಶಿವಮೊಗ್ಗದಲ್ಲಿ ಗುರುಗಳು ತಲೆಗೆ ಮೊಟಕಿ ಕಲಿಸಿದ್ರಲ್ಲ, ಇವ್ನದ್ದು ಪೂರ್ತಿ ಉಲ್ಟಾ. ಸ್ವರವನ್ನೇ ತುಂಡು ಮಾಡಿ ಎಸೆದು ಉಸಿರು ಎಳ್ಕೋತಾನೆ, ಆ ತುಂಡಾದ ಜಾಗವೇ ತಾಳ ಆಗುತ್ತೆ. ಹುಫ್, ಹುಫ್, ಅಂತ. ಏದುಸಿರಲ್ಲಿ ಗುಡ್ಡ ಹತ್ತೋನ ಹಾಗೆ, ಆದ್ರೆ ಒಂದು ಸಲಾನೂ ಕಾಲು ತಪ್ಪಲ್ಲ. ನಾಲ್ಕು ಸಲ ಕೇಳ್ದೆ. ನಾಲ್ಕನೇ ಸಲಕ್ಕೆ ಕ್ಯಾರಿಕ್ ಬಂದೇ ಬಿಡ್ತು, ಓಡಿ ಇಳ್ದೆ, ಛತ್ರಿ ರೈಲಲ್ಲೇ ಹೋಯ್ತು.

ಈ ಪ್ಲೇಟುಗಳು ಪಾರ್ಸೆಲ್ಲಲ್ಲಿ, ಟ್ರಂಕಿನಲ್ಲಿ ವಾಪಸ್ ಐರ್ಲೆಂಡಿಗೆ ಬಂದ್ವು. ಅಮೆರಿಕಾದ ಅಕ್ಕ ಕಳಿಸಿದ್ದು ಅಂತ ಅಡುಗೆಮನೆ ಒಲೆ ಪಕ್ಕ ಗ್ರಾಮಫೋನ್ ಇಟ್ಟು ನೆರೆಹೊರೆಯವ್ರೆಲ್ಲ ಕೂತು ಕೇಳೋದು, ಹುಡುಗರು ಅದನ್ನ ಕಿವಿಯಲ್ಲೇ ಕದ್ದು ಮಾರನೇ ದಿನ ಊದೋದು. ಅಂದ್ರೆ ಲೀಟ್ರಿಮ್‌ನ ಸಂಗೀತ ಲೀಟ್ರಿಮ್‌ಗೇ ನ್ಯೂಯಾರ್ಕಿನಿಂದ ಪೋಸ್ಟಲ್ಲಿ ಬಂತು. ಇದರಿಂದ ಕೆಟ್ಟದ್ದೂ ಆಯ್ತು ಅನ್ನೋರು ಇದಾರೆ, ಕೇರಿಗೊಂದು ಶೈಲಿ ಇದ್ದದ್ದು ಹೋಗಿ ಎಲ್ರೂ ಪ್ಲೇಟಿನ ಥರಾನೇ ಬಾರ್ಸಕ್ಕೆ ಶುರು ಮಾಡಿದ್ರು ಅಂತ. ನಂಗೂ ಅದು ಸರಿ ಅನ್ಸುತ್ತೆ, ಆದ್ರೆ ಪ್ಲೇಟ್ ಬರದೇ ಇದ್ದಿದ್ರೆ ಖಾಲಿ ಮನೆಗಳಲ್ಲಿ ಯಾರ ಶೈಲಿ ಉಳೀತಿತ್ತು ಅಂತಾನೂ ಅನ್ಸುತ್ತೆ. ಮೆಕೆನಾ 1947ರಲ್ಲಿ ಅಮೆರಿಕಾದಲ್ಲೇ ತೀರ್ಕೊಂಡ.

ಅದೇ 1947ರಲ್ಲಿ ಅದೇ ನ್ಯೂಯಾರ್ಕಲ್ಲಿ ಲೀಟ್ರಿಮ್‌ನ ಇನ್ನೊಬ್ಬ ಸತ್ತ, ಫಿಲ್ ಫಿಟ್ಜ್‌ಪ್ಯಾಟ್ರಿಕ್ ಅಂತ, ಪೊಲೀಸು. ದರೋಡೆ ತಡೆಯಕ್ಕೆ ಹೋಗಿ ಗುಂಡೇಟು ತಿಂದ. ಒಬ್ಬ ಬೆಂಕಿ ಆರ್ಸೋನು, ಒಬ್ಬ ಪೊಲೀಸು, ನಮ್ಮ ಕಡೆಯವ್ರು ಬೊಂಬಾಯಿಗೆ ಹೋಗಿ ಹೋಟ್ಲು ಸೇರಿದ ಹಾಗೆ ಅವ್ರಿಗೆ ಅವೆರಡು ಕೆಲಸ. ಈ ಫಿಲ್ ಬದುಕಿದ್ದಾಗ ಊರನ್ನ ನೆನೆಸ್ಕೊಂಡು ಒಂದು ಹಾಡು ಬರೆದಿಟ್ಟಿದ್ದ, 'ಲವ್ಲಿ ಲೀಟ್ರಿಮ್'. ಅವನು ಹೋಗಿ ಹದಿನೆಂಟು ವರ್ಷ ಆದ ಮೇಲೆ, 1965ರಲ್ಲಿ, ಪಕ್ಕದ ಲಾಂಗ್‌ಫರ್ಡ್ ಕೌಂಟಿಯ ಲ್ಯಾರಿ ಕನಿಂಗ್‌ಹ್ಯಾಮ್ ಅನ್ನೋ ಶೋಬ್ಯಾಂಡ್ (ಕುಣಿತದ ಹಾಲ್‌ಗಳಲ್ಲಿ ಬಾರಿಸೋ ತಂಡ) ಹಾಡುಗಾರ ಅದನ್ನ ಒಂದು ರೆಕಾರ್ಡಿನ ಹಿಂಬದಿಗೆ ಹಾಕ್ದ, ಮುಂಬದಿ ಹಾಡನ್ನ ಎಲ್ರೂ ಮರೆತು ಹಿಂಬದಿಯದ್ದು ಐರ್ಲೆಂಡಿನ ಪಟ್ಟಿಯಲ್ಲಿ ನಂಬರ್ ಒನ್ ಆಯ್ತು. ಇಲ್ಲಿ ಮದ್ವೆಯಲ್ಲೂ ಹಾಡ್ತಾರೆ, ಮ್ಯಾಚ್ ಗೆದ್ರೂ ಹಾಡ್ತಾರೆ. ಹೇಳ್ಬೇಕಂದ್ರೆ ನಂಗೆ ಅಷ್ಟೇನೂ ಹಿಡಿಸ್ಲಿಲ್ಲ, ಸಕ್ಕರೆ ಸ್ವಲ್ಪ ಜಾಸ್ತಿ ಆಯ್ತು. ಆದ್ರೆ ಬರೆದವನ ಕತೆ ಗೊತ್ತಾದ ಮೇಲೆ ಬೈಯಕ್ಕೂ ಮನಸ್ಸು ಬರಲ್ಲ.

ಎರಡನೇ ದಿನ ಮೋಹಿಲ್‌ಗೆ ಹೋದೆ, ದಕ್ಷಿಣಕ್ಕೆ ಒಂದು ಸಣ್ಣ ಪೇಟೆ. ಅಲ್ಲಿ ಬೀದಿಯಲ್ಲಿ ಹಾರ್ಪ್, ಅಂದ್ರೆ ತಂತಿ ಮೀಟೋ ವಾದ್ಯ, ಹಿಡಿದು ಕೂತ ಒಬ್ಬ ಕುರುಡನ ಪ್ರತಿಮೆ ಇದೆ, ಟರ್ಲೋ ಓ'ಕ್ಯಾರೊಲಾನ್. ಹುಟ್ಟಿದ್ದು 1670ರಲ್ಲಿ ಮೀತ್ ಕೌಂಟಿಯಲ್ಲಿ, ಆದ್ರೆ ಮದ್ವೆ ಆಗಿ ಮನೆ ಮಾಡಿದ್ದು ಮೋಹಿಲ್ ಹತ್ರ. ಹದಿನೆಂಟನೇ ವಯಸ್ಸಿಗೆ ಸಿಡುಬು ಬಂದು ಕಣ್ಣು ಹೋಯ್ತು. ಅಪ್ಪ ಕೆಲಸ ಮಾಡ್ತಿದ್ದ ಮನೆತನದ ಯಜಮಾನಿ, ಮೆಕ್‌ಡರ್ಮಟ್ ರೋ ಅಂತ, ಹುಡುಗನನ್ನ ಮೂರು ವರ್ಷ ಹಾರ್ಪ್ ಕಲಿಯಕ್ಕೆ ಹಾಕಿ, ಒಂದು ಕುದುರೆ, ಒಬ್ಬ ದಾರಿ ತೋರ್ಸೋನು, ಒಂದಿಷ್ಟು ದುಡ್ಡು ಕೊಟ್ಟು ಕಳಿಸಿದ್ಳು. ಕುರುಡರಿಗೆ ಸಂಗೀತವೇ ಅನ್ನ ಅನ್ನೋದು ಗದಗದ ಪುಣ್ಯಾಶ್ರಮ ನೋಡಿದ ನಮಗೆ ಹೊಸದಲ್ಲ ಬಿಡು. ಆದ್ರೆ ಇವನಿಗೆ ತೊಂದ್ರೆ ಏನು ಅಂದ್ರೆ, ಹಾರ್ಪ್ ಚಿಕ್ಕಂದಿನಲ್ಲೇ ಕಲೀಬೇಕು, ಹದಿನೆಂಟಕ್ಕೆ ಶುರು ಮಾಡಿದ್ರೆ ಬೆರಳು ಬಗ್ಗಲ್ಲ. ಮೊದಲು ಹೋದ ದೊಡ್ಡ ಮನೆಗಳಲ್ಲಿ ಒಂದು ಲೀಟ್ರಿಮ್‌ನ ರೆನಾಲ್ಡ್ಸ್ ಅನ್ನೋ ಜಮೀನ್ದಾರನದ್ದು. ಅವನು ಕೇಳಿ, ಬಾರಿಸೋದಕ್ಕಿಂತ ನೀನು ಕಟ್ಟೋದು ವಾಸಿ ಅನ್ನೋ ಅರ್ಥದಲ್ಲಿ ಹೇಳಿ, ಅಲ್ಲೇ ಹತ್ರದ ಎರಡು ಗುಡ್ಡದ ಯಕ್ಷಿಣಿಗಳು ಜಗಳ ಆಡಿದ ಕತೆ ಹೇಳಿದನಂತೆ. ಅದರ ಮೇಲೆ ಕ್ಯಾರೊಲಾನ್ ಕಟ್ಟಿದ ಮಟ್ಟು 'ಶೀ ವೆಗ್ ಶೀ ವೋರ್', ಸಣ್ಣ ಗುಡ್ಡ ದೊಡ್ಡ ಗುಡ್ಡ ಅನ್ನು. ಅದನ್ನ ಇವತ್ತು ಗಿಟಾರ್ ಕಲಿಯೋ ಹುಡುಗ್ರು ಪ್ರಪಂಚದಲ್ಲೆಲ್ಲ ಬಾರಿಸ್ತಾರೆ. ಆ ಎರಡು ಗುಡ್ಡ ನೋಡ್ದೆ. ನಮ್ಮ ಕಡೆ ಅವಕ್ಕೆ ದಿಬ್ಬ ಅಂತೀವಿ.

ಅವನ ಮಟ್ಟುಗಳು ಇನ್ನೂರರಷ್ಟು ಉಳಿದಿವೆ, ಹೆಚ್ಚಿನವು ಯಾವ ಮನೆಯಲ್ಲಿ ಉಂಡನೋ ಆ ಮನೆಯವರ ಹೆಸರಲ್ಲೇ. ಒಂದು ಕತೆ ಇದೆ, ನಿಜವೋ ಕಟ್ಟಿದ್ದೋ, ಎಷ್ಟೋ ವರ್ಷ ಆದ ಮೇಲೆ ತೀರ್ಥಯಾತ್ರೆಗೆ ಹೋದಾಗ ದೋಣಿಯಿಂದ ಇಳಿಯೋ ಒಬ್ಬ ಹೆಂಗಸಿಗೆ ಕೈ ಕೊಟ್ನಂತೆ, ಆ ಕೈ ಮುಟ್ಟಿದ ಕೂಡ್ಲೇ ಇದು ನಾನು ಹುಡುಗನಾಗಿದ್ದಾಗ ಪ್ರೀತಿಸಿದವಳ ಕೈ ಅಂತ ಹೆಸರು ಹಿಡಿದು ಕರೆದನಂತೆ. 1738ರಲ್ಲಿ ಸಾಯೋ ಕಾಲಕ್ಕೆ ಅದೇ ಮೆಕ್‌ಡರ್ಮಟ್ ರೋ ಮನೆಗೆ ವಾಪಸ್ ಬಂದ. ಯೂರೋ ಬರೋಕೆ ಮುಂಚೆ ಇಲ್ಲಿ 50 ಪೌಂಡಿನ ನೋಟಲ್ಲಿ ಅವನ ಚಿತ್ರ ಇತ್ತು, ದುಡ್ಡಿಲ್ಲದೆ ಊರೂರು ತಿರುಗಿದವನನ್ನ ದುಡ್ಡಿನ ಮೇಲೇ ಹಾಕಿದ್ರು.

ಅದೇ ಮೋಹಿಲ್‌ನ ಇನ್ನೊಂದು ಕತೆ ಕೇಳಿದ್ರೆ ನಗ್ತೀಯ. 1934ರ ಜನವರಿ 1, ಹೊಸ ವರ್ಷದ ದಿನ, ಇಲ್ಲಿ ಸುಮಾರು 3,000 ಜನ ಮೆರವಣಿಗೆ ಮಾಡಿದ್ರು. ಯಾತಕ್ಕೆ ಅಂತೀಯ? ಜಾಝ್ ಸಂಗೀತ ಬೇಡ ಅಂತ! 'ಜಾಝ್‌ಗೆ ಧಿಕ್ಕಾರ' ಅಂತ ಬೋರ್ಡು ಹಿಡ್ಕೊಂಡು, ಬ್ಯಾಂಡು ಬಾರಿಸ್ಕೊಂಡು. ಮುಂದೆ ನಿಂತವ್ರು ಪಕ್ಕದ ಕ್ಲೂನ್ ಊರಿನ ಪಾದ್ರಿ ಪೀಟರ್ ಕಾನೆಫ್ರಿ, ಅವ್ರ ಪ್ರಕಾರ ಜಾಝ್ ಅಂದ್ರೆ ಧರ್ಮ ಹಾಳು ಮಾಡಕ್ಕೆ ಬೋಲ್ಷೆವಿಕ್‌ಗಳು, ಅಂದ್ರೆ ರಷ್ಯಾದ ಕಮ್ಯುನಿಸ್ಟರು, ಹೂಡಿದ ಸಂಚು. ಆಗಿನ ಹಣಕಾಸು ಮಂತ್ರಿಗೂ ಉಗಿದ್ರು, ರೇಡಿಯೋದಲ್ಲಿ ಜಾಝ್ ಹಾಕಿ ಜಾಹೀರಾತಿನ ದುಡ್ಡು ಮಾಡ್ತಾನೆ ಅಂತ. ಆ ಪಾದ್ರಿ ಕೆಟ್ಟ ಮನುಷ್ಯ ಅಂತಾನೂ ಅನ್ನಕ್ಕಾಗಲ್ಲ, ಊರ ಸಂಗೀತ, ಊರ ಕುಣಿತ ಅಂದ್ರೆ ಪ್ರಾಣ ಬಿಡ್ತಿದ್ರು. ಮರುವರ್ಷ, 1935ರಲ್ಲಿ, ಸರ್ಕಾರ ಸಾರ್ವಜನಿಕ ಕುಣಿತಕ್ಕೆ ಲೈಸೆನ್ಸ್ ಬೇಕು ಅಂತ ಕಾನೂನು ತಂತು. ಅದರ ಏಟು ಯಾರಿಗೆ ಬಿತ್ತು? ಜಾಝ್‌ನವರಿಗಲ್ಲ, ಅವ್ರು ಲೈಸೆನ್ಸ್ ತಗೊಂಡು ದೊಡ್ಡ ಹಾಲ್ ಕಟ್ಟಿದ್ರು. ಅಡುಗೆಮನೆ ಮೇಜು ಗೋಡೆಗೆ ತಳ್ಳಿ, ಒಂದು ಪಿಟೀಲು ಒಂದು ಕೊಳಲು ಇಟ್ಕೊಂಡು ಕುಣೀತಿದ್ದ ಮನೆಗಳ ಮೇಲೆ ಪೊಲೀಸು ಪಾದ್ರಿ ಇಬ್ರೂ ಬಿದ್ರು. ಯಾವ ಸಂಗೀತ ಉಳಿಸ್ಬೇಕು ಅಂತ ಬ್ಯಾಂಡ್ ಬಾರ್ಸಿದ್ರೋ ಅದರ ಜಾಗವೇ ಹೋಯ್ತು. ಅದಕ್ಕೂ ಸ್ವಲ್ಪ ಮುಂಚೆ, ಅದೇ ಕೌಂಟಿಯಲ್ಲಿ ಜಿಮ್ಮಿ ಗ್ರಾಲ್ಟನ್ ಅನ್ನೋ ಎಡಪಂಥದವನು ಕುಣಿತಕ್ಕೆ, ಪಾಠಕ್ಕೆ ಅಂತ ಊರವರ ಜೊತೆ ಸೇರಿ ಹಾಲ್ ಕಟ್ಟಿದ್ದ, ಅದಕ್ಕೆ ಬೆಂಕಿ ಬಿತ್ತು, ಅವನನ್ನ 1933ರಲ್ಲಿ ಹುಟ್ಟಿದ ದೇಶದಿಂದಲೇ ಗಡೀಪಾರು ಮಾಡಿ ಅಮೆರಿಕಾಕ್ಕೆ ಕಳಿಸಿದ್ರು. ಪ್ರತಿಮೆ ಮುಂದೆ ಬೆಂಚಿನಲ್ಲಿ ಕೂತು ಬನ್ ತಿಂತಾ ಇದನ್ನೆಲ್ಲ ಓದ್ದೆ. ಎದುರಿನ ಅಂಗಡಿ ರೇಡಿಯೋದಲ್ಲಿ ಯಾವುದೋ ಅಮೆರಿಕನ್ ಹಾಡು ಬರ್ತಿತ್ತು, ಕ್ಯಾರೊಲಾನ್ ತಾತನ ತಲೆ ಮೇಲೆ ಕಾಗೆ ಕೂತಿತ್ತು.

ಬೇರೆಯವ್ರನ್ನ ಬೇಗ ಹೇಳಿ ಮುಗಿಸ್ತೀನಿ. 1994ರಲ್ಲಿ ಯೂರೋವಿಷನ್ ಅನ್ನೋ ಯುರೋಪಿನ ಹಾಡಿನ ಸ್ಪರ್ಧೆ ಗೆದ್ದ ಇಬ್ಬರಲ್ಲಿ ಚಾರ್ಲಿ ಮೆಕ್‌ಗೆಟಿಗನ್ ಡ್ರಮ್‌ಶಾನ್‌ಬೋದಲ್ಲೇ ನೆಲೆಸಿದವ್ರು, ಹುಟ್ಟೂರು ಡೊನೆಗಾಲ್. ಆರ್ಕೆಸ್ಟ್ರಾ ಬೇಡ ಅಂತ ಬರೀ ಪಿಯಾನೋ, ಗಿಟಾರ್ ಇಟ್ಕೊಂಡು ಗೆದ್ರು. ಉತ್ತರದ ಕಡೆ ಕಿಲ್ಟಿಕ್ಲೋಹರ್ ಅಂತ ಊರು, ಅಲ್ಲಿಯ ಲೆನನ್ ಅಣ್ಣತಮ್ಮಂದಿರು, ಬೀಟಲ್ಸ್‌ನ ಲೆನನ್‌ಗೂ ಇವರಿಗೂ ಏನೂ ಇಲ್ಲ. ಅಣ್ಣ ಬೆನ್ ಟೈಲರ್ ಕೆಲಸದವನು, ತಮ್ಮ ಚಾರ್ಲಿ ಲಿವರ್‌ಪೂಲಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್‌ನಲ್ಲಿ ಡಾಕ್ಟರೇಟ್ ಮಾಡಿದವನು, ಇಬ್ಬರದ್ದೂ ಪಿಟೀಲು. ವಲಸೆ ಹೋದವ್ರ ಬಗ್ಗೇನೇ ಚಾರ್ಲಿ ಒಂದು ದೊಡ್ಡ ಕೃತಿ ಕಟ್ಟಿದ. ಇಬ್ಬರೂ ಈಗ ಇಲ್ಲ, ಬೆನ್ 2020ರಲ್ಲಿ, ಚಾರ್ಲಿ 2024ರಲ್ಲಿ ಹೋದ್ರು.

ಆದ್ರೆ ನಂಗೆ ನಿಂಗೆ ಹೇಳ್ಲೇಬೇಕು ಅನ್ಸಿದ್ದು ಪ್ಯಾಕಿ ಡಿಗ್ನನ್ ಬಗ್ಗೆ. 1922ರಲ್ಲಿ ಹುಟ್ಟಿ 1992ರಲ್ಲಿ ಹೋದ ಮನುಷ್ಯ. ಅರಿಗ್ನಾ ಅಂತ ಗುಡ್ಡ ಇದೆ, ಲೀಟ್ರಿಮ್ ಗಡಿಯಲ್ಲೇ, ಗಣಿ ಇರೋದು ರೋಸ್‌ಕಾಮನ್ ಕಡೆಗೆ, ಕಲ್ಲಿದ್ದಲು ಗಣಿ. ಪ್ಯಾಕಿ ಅಲ್ಲಿ ಕೂಲಿ. ಸಂಜೆ ಕೊಳಲು. ಗಣಿ 1990ರಲ್ಲಿ ಮುಚ್ಚಿತು, ಈಗ ಮ್ಯೂಸಿಯಂ, ಒಳಗೆ ಕರ್ಕೊಂಡು ಹೋಗಿ ತೋರ್ಸೋದು ಹಿಂದೆ ಅಲ್ಲೇ ದುಡಿದವ್ರು. ನಾನು ಹೋದೆ. ಇದ್ದಲಿನ ಪದರ ಎಷ್ಟು ತೆಳು ಅಂದ್ರೆ ಎರಡು ಅಡಿಗೂ ಕಮ್ಮಿ, ನಿಂತು ಕೂತು ಅಗಿಯೋ ಪ್ರಶ್ನೆನೇ ಇಲ್ಲ. ಒದ್ದೆ ಕಲ್ಲಿನ ಮೇಲೆ ಒಂದು ಮಗ್ಗುಲಾಗಿ ಮಲಗಿ, ಒಂದು ಭುಜ ನೆಲಕ್ಕೆ ಊರಿ, ಗುದ್ದಲಿ ಬೀಸೋದು, ಮೇಲಿಂದ ನೀರು ತೊಟ್ಟಿಕ್ಕೋದು. ನಮ್ಮ ಗೈಡು ಸುಮಾರು ಎಪ್ಪತ್ತರವರು, ನಮಗೆ ತೋರ್ಸಕ್ಕೆ ಅಂತ ಮಲಗಿ ತೋರಿಸಿದ್ರು, ಏಳುವಾಗ ಮೊಣಕೈ ಊರಿ ಒಂದು ನಿಮಿಷ ಹಾಗೇ ಇದ್ರು. ನಾನು ಪ್ಯಾಕಿ ಹೆಸರು ಎತ್ತಿದೆ. ಅವ್ರು ಬೇರೇನೂ ಹೇಳ್ಲಿಲ್ಲ, "ಎಂಟು ಗಂಟೆ ಈ ಧೂಳು ಕುಡಿದ ಮೇಲೆ ನಮಗೆ ಮೆಟ್ಟಿಲು ಹತ್ತಕ್ಕೆ ಉಸಿರು ಇರ್ತಿರ್ಲಿಲ್ಲ" ಅಂದ್ರು ಅಷ್ಟೇ.

ಪ್ಯಾಕಿ ಊರು ಬಿಡ್ಲಿಲ್ಲ ಮಾರಾಯ. ನ್ಯೂಯಾರ್ಕ್ ಪ್ಲೇಟುಗಳ ಕಾಲ ಎಲ್ಲಾ ಮುಗಿದ ಮೇಲೆ 1978ರಲ್ಲಿ ಶೇಮಸ್ ಹೊರಾನ್ ಅನ್ನೋ ಪಿಟೀಲಿನವನ ಜೊತೆ ಒಂದು ರೆಕಾರ್ಡು ಮಾಡ್ದ, ಐವತ್ತಾರನೇ ವಯಸ್ಸಲ್ಲಿ. ಅದನ್ನ ಕೇಳು. ಮೆಕೆನಾದಲ್ಲಿ ಒಂಚೂರು ಗತ್ತು ಇದೆ, ಸ್ಟುಡಿಯೋದಲ್ಲಿ ಕೂತವನ ಗತ್ತು. ಪ್ಯಾಕಿದರಲ್ಲಿ ಅದಿಲ್ಲ, ಅಂಗಳದಲ್ಲಿ ಕೂತು ಮಾತಾಡಿದ ಹಾಗೆ. ಎಲ್ರೂ ಮೆಕೆನಾ ಮೆಕೆನಾ ಅಂತಾರೆ, ಅವನ ಹೆಸರಲ್ಲಿ ಸೊಸೈಟಿ ಇದೆ, ಇರ್ಲಿ, ಆದ್ರೆ ನನ್ನನ್ನ ಕೇಳಿದ್ರೆ ಪ್ಯಾಕಿನೇ ಒಂದು ಕೈ ಮೇಲು. ಹೋದವನು ಒಂದು ಸಲ ಊದಿ ಪ್ಲೇಟಲ್ಲಿಟ್ಟ, ಇವ್ನು ನಲವತ್ತು ವರ್ಷ ದಿನಾ ಸಂಜೆ ಊದ್ದ, ಎದುರಿಗೆ ಹುಡುಗರು ಕೂತು ಬೆರಳು ನೋಡ್ಕೊಂಡ್ರು. ನೀನು ಕಳೆದ ವರ್ಷ ಹೇಳಿದ್ಯಲ್ಲ, ಗೊನೆ ಕೊಯ್ಲು ಮುಗ್ಸಿ ರಾತ್ರಿ ಕೊಳಲು ಹಿಡಿದ್ರೆ ಬೆರಳಲ್ಲಿ ಅಡಿಕೆ ಚೊಗರು ಅಂಟಿರುತ್ತೆ ಅಂತ, ನಾನಾಗ ಏನೋ ಜೋಕ್ ಮಾಡಿ ಹಾರಿಸ್ಬಿಟ್ಟೆ. ಗಣಿ ಒಳಗೆ ನಿಂತಾಗ ಅದು ನೆನಪಾಯ್ತು.

ಕೊನೇ ರಾತ್ರಿ ಡ್ರಮ್‌ಶಾನ್‌ಬೋದಲ್ಲಿ ಒಂದು ಪಬ್ಬಿಗೆ ಹೋದೆ. ಮೂಲೆಯಲ್ಲಿ ಹತ್ತು ಹನ್ನೆರಡು ಜನ ದುಂಡಗೆ ಕೂತಿದ್ರು, ಸ್ಟೇಜಿಲ್ಲ ಮೈಕಿಲ್ಲ, ನಮ್ಮ ಕಡೆ ಬೆನ್ನು ಹಾಕಿ ಅವ್ರವ್ರೇ ಬಾರಿಸ್ಕೋತಾರೆ, ಕೇಳೋರು ಕೇಳಿ ಇಲ್ಲಾಂದ್ರೆ ಬಿಡಿ ಅನ್ನೋ ಹಾಗೆ. ಹನ್ನೊಂದು ವರ್ಷದ ಹುಡುಗಿಯೊಬ್ಬಳು, ಪಕ್ಕದಲ್ಲಿ ಎಂಬತ್ತರ ಅಜ್ಜ, ಇಬ್ಬರ ಕೈಯಲ್ಲೂ ಕೊಳಲು. ಅಜ್ಜನ ಕೊಳಲು ಬಿರುಕು ಬಿಟ್ಟಿತ್ತು, ಆ ಜಾಗಕ್ಕೆ ಕರೀ ದಾರ ಸುತ್ತಿ ಮೇಣ ಬಳಿದಿದ್ರು. ಊದೋಕೆ ಮೊದ್ಲು ಲೋಟದಿಂದ ಒಂದು ಗುಟುಕು ನೀರನ್ನ ಕೊಳಲೊಳಗೆ ಹುಯ್ದು, ಎರಡು ಕಡೆ ಅಂಗೈ ಮುಚ್ಚಿ ಆಡಿಸಿ, ನೆಲಕ್ಕೆ ಚೆಲ್ಲಿದ್ರು. ಮರ ನೀರು ಕುಡಿದ್ರೆ ಬಿರುಕು ಮುಚ್ಚುತ್ತೆ ಅಂತ ಆಮೇಲೆ ನಾನು ಕೇಳಿದ್ದಕ್ಕೆ ಹೇಳಿದ್ರು, ಇವತ್ತಿನವ್ರು ಹೀಗೆ ಮಾಡಿದ್ರೆ ಅಂಗಡಿಯವ್ನು ಬೈತಾನೆ ಅಂತ ನಕ್ಕರು. ಒಂದು ರೀಲು ಶುರು ಆಯ್ತು, ಹುಡುಗಿಗೆ ಗೊತ್ತಿರ್ಲಿಲ್ಲ ಅನ್ಸುತ್ತೆ, ಕೊಳಲನ್ನ ತೊಡೆ ಮೇಲಿಟ್ಟು ಅಜ್ಜನ ಬೆರಳನ್ನೇ ನೋಡ್ತಾ ಕೂತ್ಳು, ತುಟಿ ಮಾತ್ರ ಸಣ್ಣಗೆ ಆಡ್ತಿತ್ತು. ಮೂರನೇ ಸುತ್ತಿಗೆ ಎರಡನೇ ಭಾಗದಲ್ಲಿ ಮೆಲ್ಲಗೆ ಸೇರ್ಕೊಂಡ್ಳು, ತಪ್ಪು ಮಾಡ್ತಾನೇ. ಅಜ್ಜ ತಿರುಗಿ ನೋಡ್ಲಿಲ್ಲ. ಕಾಲು ಮಾತ್ರ ಸ್ವಲ್ಪ ಜೋರಾಗಿ ಕುಟ್ಟಿದ್ರು, ಅವಳಿಗೆ ಕೇಳ್ಲಿ ಅಂತ.

ಆ ಪಬ್ಬಿನ ಆಡಿಯೋ ನಿಂಗೆ ವಾಟ್ಸಾಪ್ ಮಾಡಿದೀನಿ, ಆರು ನಿಮಿಷ ಇದೆ. ಅಜ್ಜನ್ನ ಕೇಳಿಯೇ ರೆಕಾರ್ಡ್ ಮಾಡಿದ್ದು, ಇಂಡಿಯಾದಲ್ಲಿ ಒಬ್ಬ ಕೊಳಲಿನವ್ನಿಗೆ ಕಳಿಸ್ತೀನಿ ಅಂದೆ, ಬಿದಿರಿಂದೋ ಅಂತ ಕೇಳಿದ್ರು, ಹೌದು ಅಂದೆ, ಹಾಗಾದ್ರೆ ಅವ್ನದ್ದೂ ಒಂದು ತರಿಸು, ಬಿದಿರಿಗೆ ನೀರು ಕುಡಿಸ್ತಾನೋ ಎಣ್ಣೆ ಕುಡಿಸ್ತಾನೋ ಕೇಳು ಅಂದ್ರು. ಎಣ್ಣೆ ಅಂತ ನಾನೇ ಹೇಳಿದೀನಿ, ತಪ್ಪಿದ್ರೆ ತಿದ್ದು. ಮಳೆ ಸದ್ದು ಬಂದ್ರೂ ಅಡ್ಡಿಲ್ಲ, ಜಗಲಿಯಲ್ಲೇ ಕೂತು ಊದಿ ಕಳ್ಸು, ಮುಂದಿನ ಜುಲೈಗೆ ನಾನೇ ತಗೊಂಡು ಹೋಗಿ ಅವ್ರಿಗೆ ಕೇಳಿಸ್ತೀನಿ. ಮತ್ತೆ ನಾನು ಕಳಿಸಿದ್ದರಲ್ಲಿ ಎರಡನೇ ನಿಮಿಷದ ಹತ್ರ ಜೋರಾಗಿ ಕೆಮ್ಮಿದವನು ನಾನೇ, ಒದ್ದೆ ಆಗಿ ನೆಗಡಿ ಹಿಡಿದಿತ್ತು, ಅದನ್ನ ದಾಟಿಸ್ಕೊಂಡು ಕೇಳು.

ನಿನ್ನ,
ಛತ್ರಿ ಕಳ್ಕೊಂಡವನು